ಲಡಾಖ್‌ನ ಎಳೆಯ ಮಕ್ಕಳ ಊಟ ಮತ್ತು ಬೆಳವಣಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಲೇಹ್ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಮೇಲಿದೆ. ಚಾಂಗ್‌ಥಾಂಗ್ ಬಯಲಿನ ಕೋರ್ಜೋಕ್‌ನಂತಹ ಹಳ್ಳಿಗಳು 4,500 ಮೀಟರ್ ದಾಟುತ್ತವೆ. ಅಲ್ಲಿ ಕೆಲಸಕ್ಕೆ ಹೋಗುವ ವೈದ್ಯರು, ನರ್ಸ್‌ಗಳು, ಶಿಕ್ಷಕರು, ಕೈಮಗುವಿನೊಂದಿಗೆ ವರ್ಗವಾಗಿ ಹೋಗುವ ಕುಟುಂಬಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ವಿಚಾರ ಮಾತ್ರ.

ಬೆಟ್ಟದ ಮಕ್ಕಳು ಗಿಡ್ಡಗಿರುವುದು ಸಹಜವಲ್ಲವೇ? ಅದನ್ನು ಅಪೌಷ್ಟಿಕತೆ ಎನ್ನುವುದೇಕೆ?

ಸಹಜ ಎಂಬ ಈ ಮಾತಿನಿಂದಲೇ ಎಷ್ಟೋ ಮಕ್ಕಳಿಗೆ ಸಿಗಬೇಕಾದ ಆರೈಕೆ ಸಿಗದೆ ಹೋಗುತ್ತದೆ. 3,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೇ ಇರುತ್ತದೆ. ಪ್ರತಿ ಉಸಿರಿನಲ್ಲಿ ಒಳಸೇರುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಇದರಿಂದ ಬೆಳವಣಿಗೆ ಒಂದಿಷ್ಟು ಕುಗ್ಗುವುದು ನಿಜ. 59 ದೇಶಗಳ ಮಕ್ಕಳ ಅಳತೆಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ನೆಲ ಸಾವಿರ ಮೀಟರ್ ಏರಿದಂತೆ ಮಕ್ಕಳ ಉದ್ದದ ಝಡ್ ಅಂಕ (ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಮಧ್ಯಮ ಉದ್ದದಿಂದ ಮಗು ಎಷ್ಟು ದೂರವಿದೆ ಎಂದು ತೋರಿಸುವ ಅಳತೆ) ಸರಾಸರಿ 0.16ರಷ್ಟು ಇಳಿಯುತ್ತದೆ.

ಇದನ್ನು ಸೆಂಟಿಮೀಟರಿಗೆ ತಿರುಗಿಸಿ ನೋಡಿ. ಒಂದು ವರ್ಷದ ಮಗುವಿನಲ್ಲಿ ಒಂದು ಝಡ್ ಅಂಕವೆಂದರೆ ಸುಮಾರು ಎರಡೂವರೆ ಸೆಂ.ಮೀ. ಅಂದರೆ ಲೇಹ್‌ನ ಲೆಕ್ಕಕ್ಕೆ ಬರುವುದು ಸುಮಾರು ಒಂದೂವರೆ ಸೆಂ.ಮೀ. ಕೊರತೆ. ಒಂದು ವರ್ಷದ ಗಂಡುಮಗುವಿನ ಮಧ್ಯಮ ಉದ್ದ 75.7 ಸೆಂ.ಮೀ. ಮಗು 70 ಸೆಂ.ಮೀ. ಇದ್ದರೆ ಕೊರತೆ ಐದೂಮುಕ್ಕಾಲು ಸೆಂ.ಮೀ. ಇಷ್ಟೂ ಬೆಟ್ಟದ ಪಾಲಲ್ಲ. ಉಳಿದದ್ದರಲ್ಲಿ ಗಂಜಿಯ ತೆಳುವು, ಪದೇ ಪದೇ ಬರುವ ಭೇದಿ, ಮನೆಯೊಳಗಿನ ಹೊಗೆ, ತಾಯಿಯ ರಕ್ತಹೀನತೆ, ಚಳಿಗಾಲದ ಬರಿದಾದ ಉಗ್ರಾಣ ಎಲ್ಲಕ್ಕೂ ಪಾಲಿದೆ. ಇವೆಲ್ಲ ಸರಿಪಡಿಸಬಹುದಾದವು.

ಪೆರು ದೇಶವನ್ನು ನೋಡಿ. ಆಂಡಿಸ್ ಪರ್ವತದ ಹಳ್ಳಿಗಳಿಂದ ತುಂಬಿದ ಆ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಕುಂಠಿತ ಬೆಳವಣಿಗೆ 2007–08ರ ಹೊತ್ತಿಗೆ ಶೇ. 28ರ ಆಸುಪಾಸಿನಲ್ಲಿತ್ತು. 2016ಕ್ಕೆ ಶೇ. 13ಕ್ಕೆ ಇಳಿಯಿತು. ಪರ್ವತಗಳು ಇದ್ದಲ್ಲೇ ಇದ್ದವು. ತಿಂಗಳ ತಪಾಸಣೆ, ಲಸಿಕೆ, ಬಡ ಕುಟುಂಬಗಳಿಗೆ ನಗದು ನೆರವು, ತಾಯಂದಿರಿಗೆ ಸ್ಪಷ್ಟ ಮಾಹಿತಿ ಬಂದವು.

ಹುಟ್ಟುವಾಗಲೇ ತೂಕ ಕಡಿಮೆ ಇರುತ್ತದೆಯೇ?

ಹೌದು. ಸಾವಿರ ಮೀಟರಿಗೆ ಸರಾಸರಿ 100 ಗ್ರಾಂನಷ್ಟು ಜನನತೂಕ ಇಳಿಯುತ್ತದೆ. ಗರ್ಭಕೋಶಕ್ಕೆ ಹರಿಯುವ ರಕ್ತ ಕಡಿಮೆಯಾಗಿ ಮಗು ಒಳಗೇ ನಿಧಾನವಾಗಿ ಬೆಳೆಯುವುದು ಇದಕ್ಕೆ ಮುಖ್ಯ ಕಾರಣ. ದಿನ ತುಂಬುವ ಮೊದಲೇ ಹೆರಿಗೆಯಾಗುವುದರಿಂದ ಹೀಗಾಗುತ್ತದೆ ಎಂದುಕೊಳ್ಳಬೇಡಿ. ಸಾವಿರಾರು ವರ್ಷಗಳಿಂದ ಎತ್ತರದಲ್ಲೇ ಬಾಳಿದ ಟಿಬೆಟನ್ ಮೂಲದ ತಾಯಂದಿರಲ್ಲಿ ಈ ಇಳಿಕೆ ಕಡಿಮೆ, ಬಯಲುಸೀಮೆಯಿಂದ ಹೋದವರಲ್ಲಿ ಹೆಚ್ಚು. ಗರ್ಭಿಣಿಗೆ ದಿನಕ್ಕೊಂದರಂತೆ 60 ಮಿ.ಗ್ರಾಂ. ಕಬ್ಬಿಣದ ಮಾತ್ರೆ ಕನಿಷ್ಠ 180 ದಿನ, ದಿನಕ್ಕೊಂದು ಹೆಚ್ಚಿನ ಊಟ, ಹೊಗೆಯಿಲ್ಲದ ಕೋಣೆ: ಇಲ್ಲಿಂದಲೇ ಕೆಲಸ ಶುರು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಿದರೆ ಮಗುವಿಗೆ ತಿಂಗಳುಗಟ್ಟಲೆ ಆಗುವಷ್ಟು ಕಬ್ಬಿಣ ಹೆಚ್ಚಾಗಿ ಸೇರುತ್ತದೆ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ತಾಯಿ ಕಾರ್ಡ್‌ನಲ್ಲಿರುವ ಬೆಳವಣಿಗೆಯ ಗೆರೆ ಬಯಲಿನ ಮಕ್ಕಳದ್ದಲ್ಲವೇ?

ಬಯಲಿನದ್ದೇ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಮಾನದಂಡಕ್ಕೆ ಡೇವಿಸ್, ಮಸ್ಕತ್, ಓಸ್ಲೊ, ಪೆಲೋಟಾಸ್, ಅಕ್ರಾ ಮತ್ತು ದಕ್ಷಿಣ ದೆಹಲಿಯ ಮಕ್ಕಳನ್ನು ಅಳೆದಿದ್ದರು. 1,500 ಮೀಟರಿಗಿಂತ ಮೇಲಿನವರನ್ನು ಸೇರಿಸಿರಲಿಲ್ಲ. ಆದರೂ ಅದನ್ನೇ ಬಳಸಬೇಕೆಂಬುದು ನಮ್ಮ ಅಭಿಪ್ರಾಯ. ಬೆಟ್ಟಕ್ಕೆಂದು ಬೇರೆ ಗೆರೆ ಎಳೆದರೆ ಇಂದಿನ ಕೊರತೆಯನ್ನೇ ನಾಳೆಯ ಗುರಿಯನ್ನಾಗಿ ಮಾಡಿದಂತಾಗುತ್ತದೆ. ಒಂದು ದಿನದ ಚುಕ್ಕಿಗಿಂತ ಗೆರೆಯ ಓಟ ಮುಖ್ಯ. ಕೆಳಗಿನ ಗೆರೆಯಲ್ಲಿದ್ದರೂ ಅದಕ್ಕೆ ಸಮಾನಾಂತರವಾಗಿ ಏರುತ್ತಿರುವ ಮಗುವಿನ ಬಗ್ಗೆ ಗಾಬರಿ ಬೇಡ. ಮೇಲಿನ ಗೆರೆಯಲ್ಲಿದ್ದು ಎರಡು ತಿಂಗಳಿಂದ ತೂಕ ಏರದೆ ನಿಂತ ಮಗುವಿಗೆ ಈಗಲೇ ಗಮನ ಬೇಕು.

ಅಳತೆಯಲ್ಲಿ ಎಲ್ಲಿ ತಪ್ಪಾಗುತ್ತದೆ?

ಬಟ್ಟೆಯಲ್ಲಿ, ಹಲಗೆಯಲ್ಲಿ, ತೂಕದ ಯಂತ್ರದ ಬ್ಯಾಟರಿಯಲ್ಲಿ. ಚಳಿಗಾಲದಲ್ಲಿ ಉಣ್ಣೆಯ ಬಟ್ಟೆ, ಟೋಪಿ, ಬೂಟು ಸೇರಿ ಒಂದು ಕಿಲೋವನ್ನೂ ಮೀರಬಹುದು. ಬಟ್ಟೆ ಬಿಚ್ಚಲು ತಾಯಿ ಹಿಂಜರಿಯುತ್ತಾರೆ, ಅದು ಸರಿಯೂ ಹೌದು. ಆದ್ದರಿಂದ ಮೊದಲು ಕೋಣೆ ಬೆಚ್ಚಗಾಗಲಿ. ಬಿಚ್ಚಿದ ಮಗುವನ್ನು ಕಂಬಳಿಯಲ್ಲಿ ಸುತ್ತಿ ತಾಯಿಯ ಕೈಯಲ್ಲಿ ಕೊಟ್ಟು ಇಬ್ಬರನ್ನೂ ತೂಗಿ. ಬಳಿಕ ತಾಯಿಯನ್ನು ಅದೇ ಕಂಬಳಿಯೊಂದಿಗೆ ತೂಗಿ ಕಳೆಯಿರಿ. ಡಿಜಿಟಲ್ ಯಂತ್ರವನ್ನು ರಾತ್ರಿಯಿಡೀ ಕೊರೆವ ಕೋಣೆಯಲ್ಲಿಟ್ಟು ಬೆಳಗ್ಗೆ ಹಾಗೆಯೇ ಬಳಸಬೇಡಿ. ಅರ್ಧ ಗಂಟೆ ಬೆಚ್ಚಗಿನ ಜಾಗದಲ್ಲಿಟ್ಟು, ತೂಕ ಗೊತ್ತಿರುವ ವಸ್ತುವೊಂದನ್ನು, ಉದಾಹರಣೆಗೆ ಐದು ಲೀಟರ್ ನೀರಿನ ಮುಚ್ಚಿದ ಕ್ಯಾನನ್ನು, ತೂಗಿ ಪರೀಕ್ಷಿಸಿ.

ಎರಡು ವರ್ಷದೊಳಗಿನವರನ್ನು ಮಲಗಿಸಿ ಅಳೆಯಬೇಕು, ಮೇಲಿನವರನ್ನು ನಿಲ್ಲಿಸಿ. ಚಿಕ್ಕ ಮಗುವನ್ನು ನಿಲ್ಲಿಸಿ ಅಳೆದಿದ್ದರೆ 0.7 ಸೆಂ.ಮೀ. ಸೇರಿಸಿ. ಇಬ್ಬರು ಬೇಕೇ ಬೇಕು: ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿದರೆ ಇನ್ನೊಬ್ಬರು ಮಂಡಿಯನ್ನು ಮೆಲ್ಲಗೆ ಒತ್ತಿ ಅಂಗಾಲಿಗೆ ಹಲಗೆ ತರಬೇಕು. ಒಬ್ಬರೇ ಅಳೆದಾಗ ಒಂದು ಸೆಂ.ಮೀ. ತಪ್ಪುವುದು ತೀರ ಸಾಮಾನ್ಯ, ಅಂದರೆ 0.4 ಝಡ್ ಅಂಕ. ಎರಡು ಸಾವಿರ ಮೀಟರ್ ಏರಿಕೆಯ ಪರಿಣಾಮಕ್ಕಿಂತ ಇದೇ ದೊಡ್ಡದು! ಎರಡು ಸಲ ಅಳೆಯಿರಿ. ಅರ್ಧ ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮೂರನೆಯ ಸಲ ಅಳೆಯಿರಿ.

ಲಡಾಖ್‌ನ ಶೇ. 92.5 ಮಕ್ಕಳಿಗೆ ರಕ್ತಹೀನತೆ ಎನ್ನುತ್ತಾರೆ. ಇದು ನಿಜವೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಅದು, ದೇಶದಲ್ಲೇ ಅತಿ ಹೆಚ್ಚು. ದೇಶದ ಸರಾಸರಿ ಶೇ. 67.1. ಆ ಅಂಕಿ ಹೇಗೆ ಬಂತು ಎಂಬುದನ್ನು ತಿಳಿದೇ ಓದಬೇಕು.

ಎತ್ತರದಲ್ಲಿ ದೇಹ ಹೆಚ್ಚು ಹಿಮೋಗ್ಲೋಬಿನ್ ತಯಾರಿಸುತ್ತದೆ. ಹಾಗಾಗಿ ಯಂತ್ರ ತೋರಿಸಿದ ಅಂಕಿಯಿಂದ ಎತ್ತರದ ಪಾಲನ್ನು ಕಳೆದು, ಉಳಿದದ್ದನ್ನು ಮಿತಿಯೊಂದಿಗೆ ಹೋಲಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ಪ್ರತಿ ಡೆಸಿಲೀಟರಿಗೆ ಕಳೆಯಬೇಕಾದದ್ದು 3,000–3,499 ಮೀಟರ್‌ನಲ್ಲಿ 2.1 ಗ್ರಾಂ, 3,500–3,999ರಲ್ಲಿ 2.5, 4,000–4,499ರಲ್ಲಿ 2.9, 4,500–4,999ರಲ್ಲಿ 3.3. ಮಿತಿ 6ರಿಂದ 23 ತಿಂಗಳ ಮಗುವಿಗೆ 10.5, ಎರಡರಿಂದ ಐದು ವರ್ಷದವರೆಗೆ 11. ಉದಾಹರಣೆಗೆ 3,600 ಮೀಟರ್‌ನ ಹಳ್ಳಿಯ ಮೂರು ವರ್ಷದ ಹುಡುಗಿಗೆ ಯಂತ್ರ 12.8 ತೋರಿಸಿತು ಎನ್ನಿ. 2.5 ಕಳೆದರೆ 10.3. ಬೆಂಗಳೂರಿನ ಕಣ್ಣಿಗೆ ಚೆನ್ನಾಗಿ ಕಾಣುವ 12.8, ಅಲ್ಲಿ ರಕ್ತಹೀನತೆ.

ಇಲ್ಲೊಂದು ತೊಡಕಿದೆ. ಟಿಬೆಟನ್ ಮೂಲದವರಲ್ಲಿ ಇಪಿಎಎಸ್1, ಇಜಿಎಲ್‌ಎನ್1 ಎಂಬ ಜೀನ್‌ಗಳ ವಿಶೇಷ ರೂಪಗಳಿರುವುದು 2010ರಲ್ಲಿ ಪ್ರಕಟವಾಯಿತು. ಅವರ ಹಿಮೋಗ್ಲೋಬಿನ್ ಸುಮಾರು 4,000 ಮೀಟರ್‌ವರೆಗೆ ಹೆಚ್ಚೇನೂ ಏರುವುದಿಲ್ಲ. ಲಡಾಖ್‌ನ ಎಷ್ಟೋ ಕುಟುಂಬಗಳಿಗೆ ಇದೇ ಮೂಲದ ನಂಟಿದೆ. ಏರದೇ ಇರುವುದನ್ನು ಏರಿದೆ ಎಂದುಕೊಂಡು ಕಳೆದರೆ ಆರೋಗ್ಯವಂತ ಮಗುವೂ ರಕ್ತಹೀನರ ಪಟ್ಟಿಗೆ ಸೇರುತ್ತದೆ. ಅದರ ಮೇಲೆ, ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ರಕ್ತ ತೆಗೆಯುತ್ತಾರೆ. ಚಳಿಗೆ ಸೆಟೆದ ಬೆರಳನ್ನು ಹಿಂಡಿದರೆ ರಕ್ತಕ್ಕೆ ಅಂಗಾಂಶದ ನೀರು ಬೆರೆತು ಅಂಕಿ ಇಳಿಯುತ್ತದೆ. ಕೈಯನ್ನು ಬೆಚ್ಚಗೆ ಮಾಡಿ, ಮೊದಲ ಹನಿ ಒರೆಸಿ, ಹಿಂಡದೆ ತಾನಾಗಿ ಬಂದ ಹನಿಯನ್ನೇ ತೆಗೆದುಕೊಳ್ಳಿ. ಅನುಕೂಲವಿದ್ದಲ್ಲಿ ರಕ್ತನಾಳದ ರಕ್ತದಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ಸೂಚಿಸುವ ಪ್ರೋಟೀನ್) ನೋಡಿಸಿ. ಸೋಂಕಿಲ್ಲದ ಮಗುವಿನಲ್ಲಿ ಲೀಟರಿಗೆ 12 ಮೈಕ್ರೊಗ್ರಾಂಗಿಂತ ಕಡಿಮೆ ಇದ್ದರೆ ಕಬ್ಬಿಣ ಬರಿದಾಗಿದೆ ಎಂದರ್ಥ. ಸೋಂಕಿದ್ದಾಗ ಆ ಮಿತಿ 30.

92.5 ಎಂಬ ಅಂಕಿಯಲ್ಲಿ ಉಬ್ಬು ಇದೆ ಎಂದೇ ನಾವು ತಿಳಿಯುತ್ತೇವೆ. ಆ ಕಾರಣಕ್ಕೆ ಕಬ್ಬಿಣದ ಸಿರಪ್ ನಿಲ್ಲಿಸುವುದು ಮಾತ್ರ ದೊಡ್ಡ ತಪ್ಪು. ಆರು ತಿಂಗಳು ದಾಟಿದ ಮಗುವಿಗೆ ಎದೆಹಾಲಿನಿಂದ ಸಿಗುವ ಕಬ್ಬಿಣ ಎಲ್ಲಿಯೂ ಸಾಲದು, ಬೆಟ್ಟದಲ್ಲಂತೂ ಸಾಲುವುದೇ ಇಲ್ಲ.

ಈ ಕಳೆಯುವ ಲೆಕ್ಕ ಕರ್ನಾಟಕಕ್ಕೂ ಅನ್ವಯಿಸುತ್ತದೆಯೇ?

ಹೊಸ ಮಾರ್ಗಸೂಚಿಯಲ್ಲಿ 500 ಮೀಟರಿನಿಂದಲೇ ಲೆಕ್ಕ ಶುರುವಾಗುತ್ತದೆ. ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗೆ 0.4, ಸಾವಿರ ದಾಟಿದ ಮಡಿಕೇರಿಗೆ 0.8 ಗ್ರಾಂ.

ಕಬ್ಬಿಣದ ಸಿರಪ್ ಎಷ್ಟು, ಹೇಗೆ?

ಸರ್ಕಾರದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಂತೆ 6ರಿಂದ 59 ತಿಂಗಳ ಮಗುವಿಗೆ ವಾರಕ್ಕೆರಡು ಸಲ 1 ಮಿ.ಲೀ. ಇದರಲ್ಲಿ 20 ಮಿ.ಗ್ರಾಂ. ಕಬ್ಬಿಣ, 100 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಊಟವಾಗಿ ಸ್ವಲ್ಪ ಹೊತ್ತಿಗೆ ಕೊಡಿ, ಹಾಲು ಅಥವಾ ಚಹಾದ ಜೊತೆ ಬೇಡ. ಮಲ ಕಪ್ಪಾದರೆ ಹೆದರಬೇಕಿಲ್ಲ. ಜ್ವರ, ಭೇದಿ ಇರುವಾಗ ನಿಲ್ಲಿಸಿ ಗುಣವಾದ ಮೇಲೆ ಮುಂದುವರಿಸಿ. ತೀವ್ರ ಅಪೌಷ್ಟಿಕತೆಯ ಮಗುವಿಗೆ ವೈದ್ಯರು ಹೇಳುವ ತನಕ ಕೊಡಬಾರದು. ಒಂದು ವರ್ಷದ ನಂತರ ಆರು ತಿಂಗಳಿಗೊಮ್ಮೆ ಜಂತುಹುಳದ ಅಲ್ಬೆಂಡಜೋಲ್: ಎರಡು ವರ್ಷದೊಳಗೆ 200 ಮಿ.ಗ್ರಾಂ., ಅದಕ್ಕೆ ಮೇಲೆ 400. ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿಯೇ ಕೊಡಿ.

ಮೊದಲ ಗಂಜಿ ಯಾವಾಗ, ಎಷ್ಟು?

ಆರು ತಿಂಗಳು ತುಂಬಿದ ದಿನದಿಂದ. ಅಲ್ಲಿಯವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಒಣಹವೆಯಲ್ಲಿ ಬಾಯಾರುತ್ತದೆಂದು ನೀರು ಕೊಡುವುದುಂಟು. ಎದೆಹಾಲಿನಲ್ಲೇ ಬೇಕಾದಷ್ಟು ನೀರಿದೆ, ಮಗು ಕೇಳಿದಾಗಲೆಲ್ಲ ಹಾಲೂಡಿಸಿ.

6–8 ತಿಂಗಳಲ್ಲಿ ಎರಡು-ಮೂರು ಚಮಚದಿಂದ ಶುರುಮಾಡಿ ಮೆಲ್ಲಗೆ ಕಾಲು ಲೀಟರ್ ಬಟ್ಟಲಿನ ಅರ್ಧಕ್ಕೆ ಏರಿಸಿ, ದಿನಕ್ಕೆ ಎರಡು-ಮೂರು ಸಲ. 9–11 ತಿಂಗಳಲ್ಲಿ ಅರ್ಧ ಬಟ್ಟಲು ಮೂರು-ನಾಲ್ಕು ಸಲ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು ಮೂರು-ನಾಲ್ಕು ಸಲ, ನಡುವೆ ಒಂದೆರಡು ತಿಂಡಿ. ಎದೆಹಾಲಿನ ಜೊತೆಗೆ ಊಟದಿಂದ ಸಿಗಬೇಕಾದ ಶಕ್ತಿ ಈ ಮೂರು ಹಂತಗಳಲ್ಲಿ ಸುಮಾರು 200, 300, 550 ಕಿಲೋಕ್ಯಾಲರಿ. ಎತ್ತರದಲ್ಲಿ ಹಸಿವು ಮಂದ, ಚಳಿಗೆ ಖರ್ಚು ಹೆಚ್ಚು, ಹೊಟ್ಟೆ ಚಿಕ್ಕದು. ಹಾಗಾಗಿ ಗಂಜಿ ಗಟ್ಟಿಯಾಗಿರಬೇಕು: ಚಮಚ ಓರೆಮಾಡಿದರೆ ಜಾರಬಾರದು. ನೀರು ಗಂಜಿ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ.

ಅಲ್ಲಿನ ಬಾರ್ಲಿ ಹಿಟ್ಟು ಮಗುವಿಗೆ ಒಗ್ಗುತ್ತದೆಯೇ? ಹೇಗೆ ಮಾಡಬೇಕು?

ಒಗ್ಗುತ್ತದೆ, ಅಂಗಡಿಯ ಬಿಸ್ಕತ್ತು, ನೂಡಲ್ಸ್‌ಗಿಂತ ಎಷ್ಟೋ ಮೇಲು. ಹುರಿದ ಬಾರ್ಲಿಯ ಹಿಟ್ಟಿಗೆ ಲಡಾಖಿನಲ್ಲಿ ಙಂಫೆ ಎನ್ನುತ್ತಾರೆ, ಟಿಬೆಟನ್ನರ ತ್ಸಂಪಾ. ಬೈಲಕುಪ್ಪೆಯ ಮನೆಗಳಲ್ಲೂ ಇದು ಉಂಟು. ನಮ್ಮ ಹುರಿಹಿಟ್ಟನ್ನು ತಿಂದು ಬೆಳೆದವರಿಗೆ ರುಚಿ ಹೊಸದೆನಿಸದು. ಙಂಫೆಯನ್ನು ಬೆಣ್ಣೆ ಚಹಾದಲ್ಲಿ ನಾದಿದರೆ ಕೋಲಕ್. ಮಗುವಿಗೆ ಮಾಡುವಾಗ ಚಹಾದ ಬದಲು ಕುದಿಸಿದ ನೀರು ಅಥವಾ ಮಾಂಸದ ಸಾರು ಹಾಕಿ.

ಒಂದು ಹೊತ್ತಿಗೆ: ಙಂಫೆ ಮೂರು ದೊಡ್ಡ ಚಮಚ, ಹುರಿದ ಬಟಾಣಿ ಅಥವಾ ಬೇಳೆಯ ಹಿಟ್ಟು ಒಂದು ಚಮಚ, ಬೆಣ್ಣೆ ಒಂದು ಚಿಕ್ಕ ಚಮಚ, ನೀರು ಅಥವಾ ಸಾರು ಸುಮಾರು 120 ಮಿ.ಲೀ. ಹಿಟ್ಟು ಆಗಲೇ ಹುರಿದದ್ದೆಂದು ಬರೀ ತಣ್ಣೀರಿಗೆ ಕಲಸಿಬಿಡುತ್ತಾರೆ, ಭೇದಿ ಅಲ್ಲಿಂದಲೇ ಬರುತ್ತದೆ. ಕೈಯಾಡಿಸುತ್ತ ಎರಡು ನಿಮಿಷ ಕುದಿಸಿ, ಇಳಿಸಿದ ಮೇಲೆ ಬೆಣ್ಣೆ ಹಾಕಿ.

ಇಡೀ ಬಾರ್ಲಿಯಲ್ಲಿ ಫೈಟೇಟ್ ಇರುತ್ತದೆ. ಅದು ಕಬ್ಬಿಣ, ಸತುವನ್ನು ಹಿಡಿದಿಟ್ಟು ಮೈಗೆ ಹತ್ತದಂತೆ ಮಾಡುತ್ತದೆ. ಮೊಳಕೆ ಕಟ್ಟಿದರೆ ಅದು ತಗ್ಗುತ್ತದೆ. ರಾಗಿಗೆ ಮೊಳಕೆ ಕಟ್ಟುವವರಿಗೆ ಈ ಕೆಲಸ ಕಲಿಸಬೇಕಿಲ್ಲ, ಚಳಿಯೊಂದನ್ನು ಮಾತ್ರ ಗಮನಿಸಬೇಕು. ಎರಡು ಬಟ್ಟಲು ಬಾರ್ಲಿಯನ್ನು ಹನ್ನೆರಡು ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನೀರು ಒಮ್ಮೆ ಬದಲಿಸಿ. ಬಸಿದು ಒದ್ದೆಬಟ್ಟೆಯಲ್ಲಿ ಕಟ್ಟಿ ಒಲೆಯಿರುವ ಕೋಣೆಯ ಮೂಲೆಯಲ್ಲಿಡಿ. ಒಲೆಗೆ ತೀರ ಹತ್ತಿರವಿಟ್ಟರೆ ಹುಳಿ ವಾಸನೆ ಬರುತ್ತದೆ, ತಣ್ಣನೆಯ ಕೋಣೆಯಲ್ಲಿಟ್ಟರೆ ವಾರವಾದರೂ ಮೊಳೆಯದು. ದಿನಕ್ಕೆರಡು ಸಲ ನೀರು ಚಿಮುಕಿಸಿ. ಎರಡು-ಮೂರು ದಿನದಲ್ಲಿ ಅರ್ಧ ಸೆಂ.ಮೀ. ಮೊಳಕೆ ಬಂದಾಗ ಬಿಸಿಲಿಗೆ ಹರವಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಬೀಸಿ, ಜರಡಿ ಹಿಡಿಯಿರಿ. ಬೂಷ್ಟು ಕಂಡರೆ ಇಡೀ ಗಂಟನ್ನೇ ಎಸೆಯಿರಿ.

ಈ ಹಿಟ್ಟನ್ನು ಹುರಿಯದೆ ಒಂದಿಷ್ಟು ಬೇರೆ ತೆಗೆದಿಡಿ. ಮೊಳಕೆಯ ಬಾರ್ಲಿಯಲ್ಲಿ ಪಿಷ್ಟವನ್ನು ಕರಗಿಸುವ ಕಿಣ್ವವಿದೆ. ಗಟ್ಟಿ ಗಂಜಿ ಕಾಯಿಸಿ ಇಳಿಸಿ, ಆವಿ ತುಸು ತಗ್ಗಿದ ಮೇಲೆ ಒಂದು ಚಿಕ್ಕ ಚಮಚ ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಅದು ನುಂಗಲು ಹಗುರಾಗುತ್ತದೆ. ನೀರು ಬೆರೆಸದೆ ತೆಳುವಾದ್ದರಿಂದ ಶಕ್ತಿ ಕುಗ್ಗುವುದಿಲ್ಲ. ಬಳಿಕ ಮತ್ತೊಮ್ಮೆ ಕುದಿ ಬರಿಸಲೇಬೇಕು, ಹಸಿ ಹಿಟ್ಟಿನಲ್ಲಿ ರೋಗಾಣುಗಳಿರುತ್ತವೆ. ಕಾಯಿಲೆ ಬಿದ್ದು ನುಂಗಲು ಒಲ್ಲದ ಮಗುವಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹಳ್ಳಿಯಲ್ಲಿ ಇನ್ನೊಂದಿಲ್ಲ.

ಬೇಳೆ ಬೇಯುವುದೇ ಇಲ್ಲ. ಏನು ಮಾಡಬೇಕು?

ಲೇಹ್‌ನಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಕುದಿಸಿದರೂ ಕಾಳು ಮೆತ್ತಗಾಗದು. ಕುಕ್ಕರ್ ಬೇಕು, ಅದರಲ್ಲೂ ಒಳಗಿನ ಶಾಖ ಊರಿನ ಕುಕ್ಕರಿನಷ್ಟು ಏರದ್ದರಿಂದ ಎರಡು-ಮೂರು ಕೂಗು ಹೆಚ್ಚು ಬೇಕಾಗುತ್ತದೆ. ರಾತ್ರಿಯಿಡೀ ನೆನೆಸಿ, ಉಪ್ಪು-ಹುಳಿ ಕಡೆಗೆ ಹಾಕಿ. ಸೋಡ ಹಾಕಿದರೆ ಬೇಗ ಬೇಯುತ್ತದೆ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ. ಮಗುವಿಗಂತೂ ಬೇಳೆಯನ್ನು ಹುರಿದು ನುಣ್ಣಗೆ ಬೀಸಿಟ್ಟುಕೊಳ್ಳುವುದೇ ಸುಲಭ. ಕುಡಿಯುವ ನೀರನ್ನು ಕುದಿ ಬಂದ ಮೇಲೆ ಮೂರು ನಿಮಿಷ ಕುದಿಸಿ.

ಬೆಣ್ಣೆ ಚಹಾ ಒಂದೆರಡು ಗುಟುಕು ಕೊಟ್ಟರೇನು?

ಎರಡು ವರ್ಷದವರೆಗೆ ಬೇಡವೇ ಬೇಡ. ಗುರ್‌ಗುರ್ ಚಹಾ ಅಲ್ಲಿನ ಆತಿಥ್ಯದ ಜೀವ, ದೊಡ್ಡವರಿಗೆ ಚಳಿಯಲ್ಲಿ ಆಸರೆ. ಆದರೆ ಚಹಾದ ಟ್ಯಾನಿನ್ ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಉಪ್ಪು ಎಳೆಯ ಮೂತ್ರಪಿಂಡಕ್ಕೆ ಭಾರ, ಹೊಟ್ಟೆಯಲ್ಲಿ ಗಂಜಿಗೆ ಜಾಗ ಉಳಿಯುವುದಿಲ್ಲ. ‘ಚಹಾ ಬಿಡಿ’ ಎಂದು ಅಜ್ಜಿಗೆ ಹೇಳಿದರೆ ಕೇಳುವುದು ಕಷ್ಟ. ‘ಬೆಣ್ಣೆಯನ್ನು ಗಂಜಿಗೆ ಹಾಕಿಕೊಡಿ’ ಎಂದರೆ ಒಪ್ಪುತ್ತಾರೆ. ಬಸುರಿ, ಬಾಣಂತಿಯರು ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಲಿ.

ಚಳಿಗಾಲದಲ್ಲಿ ಮಾಂಸ, ಸೊಪ್ಪು, ಹಣ್ಣು ಎಲ್ಲಿಂದ?

ಒಣಗಿಸಿದ ಮಾಂಸ ಅಲ್ಲಿ ಹಲವು ಮನೆಗಳಲ್ಲಿರುತ್ತದೆ. ದೊಡ್ಡವರ ತಟ್ಟೆಗೆ ತುಂಡು, ಮಗುವಿಗೆ ಸಾರು ಎಂಬ ಹಂಚಿಕೆ ತಪ್ಪು, ಕಬ್ಬಿಣವಿರುವುದು ತುಂಡಿನಲ್ಲೇ. ಚೆನ್ನಾಗಿ ಬೇಯಿಸಿ, ಕುಟ್ಟಿ, ನಾರು ತೆಗೆದು ದಿನಕ್ಕೊಂದು ದೊಡ್ಡ ಚಮಚ ಗಂಜಿಗೆ ಬೆರೆಸಿ. ಮೊಟ್ಟೆ ಸಿಕ್ಕರೆ ದಿನಕ್ಕೊಂದು, ಪೂರ್ತಿ ಬೇಯಿಸಿ. ಮಾಂಸ ತಿನ್ನದ ಮನೆಯಲ್ಲಿ ಬೇಳೆಹಿಟ್ಟು ಹೆಚ್ಚಿಸಿ, ಜೊತೆಗೆ ಸಿ ಜೀವಸತ್ವ ಕೊಡಿ. ಇದಕ್ಕೆ ಸೀಬಕ್‌ಥಾರ್ನ್ ಎಂಬ ಅಲ್ಲಿನ ಹುಳಿ ಹಣ್ಣಿನಷ್ಟು ಒಳ್ಳೆಯದು ಮತ್ತೊಂದಿಲ್ಲ. ರಸವನ್ನು ಕುದಿಸಬೇಡಿ, ಬೆಚ್ಚಗಾದ ಗಂಜಿಗೆ ಒಂದು ಚಮಚ ಸೇರಿಸಿ. ಒಣ ಏಪ್ರಿಕಾಟ್‌ನಲ್ಲಿ ಎ ಜೀವಸತ್ವದ ಮೂಲವಾದ ಕೆರೋಟಿನ್ ಉಂಟು, ಸಿ ಬಹುಪಾಲು ಹೋಗಿರುತ್ತದೆ. ನೆನೆಸಿ ಬೇಯಿಸಿ ಮಸೆದು ಕೊಡಿ. ಅದರ ಕಹಿ ಬೀಜ ಮಕ್ಕಳ ಕೈಗೆ ಸಿಗಬಾರದು, ಅದರಿಂದ ಸಯನೈಡ್ ಉಂಟಾಗುತ್ತದೆ. ದಕ್ಷಿಣಕ್ಕೆ ಮುಖಮಾಡಿ ಮಣ್ಣಿನ ಗೋಡೆ ಎಬ್ಬಿಸಿ ಪ್ಲಾಸ್ಟಿಕ್ ಹೊದಿಸಿದ ಸೌರ ಹಸಿರುಮನೆಯಲ್ಲಿ ಜನವರಿಯಲ್ಲೂ ಪಾಲಕ್ ಬೆಳೆಯುತ್ತದೆ.

ಕಲ್ಲುಪ್ಪು, ಕೆರೆಯ ಉಪ್ಪು ಒಳ್ಳೆಯದಲ್ಲವೇ?

ಅಲ್ಲ. ಹಿಮಾಲಯದ ಮಣ್ಣಿನಲ್ಲಿ ಅಯೋಡಿನ್ ಕಡಿಮೆ, ಗಳಗಂಡ ಅಲ್ಲಿಯ ಹಳೆಯ ರೋಗ. ಬಸುರಿಯಲ್ಲಿ ಅಯೋಡಿನ್ ಕೊರತೆಯಾದರೆ ಮಗುವಿನ ಮಿದುಳೇ ಸೊರಗುತ್ತದೆ. ಮನೆಯ ಅಡುಗೆಗೆ ಅಯೋಡಿನ್ ಉಪ್ಪನ್ನೇ ಬಳಸಿ, ಮುಚ್ಚಿದ ಡಬ್ಬಿಯಲ್ಲಿಡಿ. ಒಂದು ವರ್ಷದೊಳಗಿನ ಮಗುವಿನ ಗಂಜಿಗೆ ಬೇರೆಯಾಗಿ ಉಪ್ಪು ಬೇಡ, ತಾಯಿಯ ಊಟದ ಅಯೋಡಿನ್ ಹಾಲಿನಲ್ಲಿ ಬರುತ್ತದೆ.

ಇಷ್ಟು ಬಿಸಿಲಿರುವಲ್ಲಿ ಡಿ ಜೀವಸತ್ವ ಯಾಕೆ?

ಬಿಸಿಲು ಇದೆ, ಮಗು ಅದರಲ್ಲಿಲ್ಲ. ತಿಂಗಳುಗಟ್ಟಲೆ ಬಟ್ಟೆಯಲ್ಲಿ ಸುತ್ತಿ ಒಳಗೇ ಇಡುತ್ತಾರೆ, ಗಾಜಿನ ಕಿಟಕಿಯ ಬಿಸಿಲಿನಿಂದ ಡಿ ಹುಟ್ಟುವುದಿಲ್ಲ. ಮೊದಲ ವರ್ಷ ದಿನಕ್ಕೆ 400 ಯೂನಿಟ್ ಹನಿ ಕೊಡಿ.

ಹೊಗೆಗೂ ಬೆಳವಣಿಗೆಗೂ ಏನು ಸಂಬಂಧ?

ಸಗಣಿ, ಸೌದೆ ಉರಿಯುವ ಮುಚ್ಚಿದ ಕೋಣೆಯಲ್ಲಿ ನ್ಯುಮೋನಿಯಾ ಹೆಚ್ಚು. ಪ್ರತಿ ಕಾಯಿಲೆಯಲ್ಲೂ ಮಗು ಊಟ ಬಿಡುತ್ತದೆ, ತೂಕ ಕಳೆಯುತ್ತದೆ. ಹೊಗೆಕೊಳವೆಯ ಮಸಿಯನ್ನು ಚಳಿಗಾಲಕ್ಕೆ ಮುನ್ನ ತೆಗೆಸಿ, ಕೀಲುಗಳಲ್ಲಿ ಸೀಳಿದೆಯೇ ನೋಡಿ, ಕೆಂಡವನ್ನು ಮಲಗುವ ಕೋಣೆಯಲ್ಲಿಡಬೇಡಿ. ಭೇದಿಯಾದರೆ ಓಆರ್‌ಎಸ್ ಜೊತೆ 14 ದಿನ ಸತು: ಆರು ತಿಂಗಳೊಳಗೆ ದಿನಕ್ಕೆ 10 ಮಿ.ಗ್ರಾಂ., ಮೇಲೆ 20. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಹೊತ್ತು ಹೆಚ್ಚು ಉಣ್ಣಿಸಿ.

ಕರ್ನಾಟಕದಿಂದ ಕೈಮಗುವನ್ನು ಲೇಹ್‌ಗೆ ಕರೆದೊಯ್ಯಬಹುದೇ?

ಹುಟ್ಟಿ ಕೆಲವೇ ವಾರಗಳಾದ ಮಗು, ದಿನ ತುಂಬದೆ ಹುಟ್ಟಿದ ಮಗು, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ ಮಗು ಬೇಡ. ಉಳಿದವರು ಮಕ್ಕಳ ವೈದ್ಯರಿಗೆ ತೋರಿಸಿಯೇ ಹೊರಡಿ. ಹೋಗಿ ಇಳಿದ ಮೇಲೆ ಎರಡು-ಮೂರು ದಿನ ಇನ್ನೂ ಮೇಲಕ್ಕೆ ಹತ್ತಬೇಡಿ. ನೆಗಡಿಯಿರುವಾಗ ಪ್ರಯಾಣ ಮುಂದೂಡಿ. ಮಗು ಮಾತಿನಲ್ಲಿ ಹೇಳಲಾರದು: ಹಾಲು ಬಿಡುವುದು, ನಿಲ್ಲದ ಅಳು, ನಿದ್ದೆಗೇಡು, ವಾಂತಿ ಇವೇ ಲಕ್ಷಣಗಳು.

ಬಯಲಿನ ಮೂಲದ ಮಗುವಿಗೆ ವಾರ ಅಥವಾ ತಿಂಗಳುಗಳ ನಂತರವೂ ಅಪಾಯ ಬರಬಹುದು. ಶ್ವಾಸಕೋಶದ ರಕ್ತದೊತ್ತಡ ಏರಿ ಹೃದಯ ಸೋಲುತ್ತದೆ. ಹಾಲು ಕುಡಿಯುವಾಗ ಬೆವರು, ಏದುಸಿರು, ತುಟಿ ನೀಲಿಯಾಗುವುದು, ತೂಕ ನಿಲ್ಲುವುದು, ಇಲ್ಲವೇ ಊತದಿಂದ ಒಮ್ಮೆಗೇ ಏರುವುದು ಕಂಡರೆ ಅಂದೇ ಆಸ್ಪತ್ರೆಗೆ ಒಯ್ಯಿರಿ. ಆಮ್ಲಜನಕ ಕೊಟ್ಟು ಕೆಳಗಿಳಿಸುವುದೇ ಚಿಕಿತ್ಸೆ. ಗುಣವಾಯಿತೆಂದು ಮತ್ತೆ ಮೇಲಕ್ಕೆ ಕರೆತರಬೇಡಿ.

ರಾಗಿ ಒಯ್ಯಬಹುದೇ?

ಧಾರಾಳವಾಗಿ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಹಿಟ್ಟು ಹಗುರ, ಕೆಡದು, ಸುಣ್ಣದ ಅಂಶವೂ ಹೇರಳ. ರಾಗಿ ಸರಿಯನ್ನು ಊರಿನಲ್ಲಿ ಕಾಯಿಸುವುದಕ್ಕಿಂತ ಐದು ನಿಮಿಷ ಹೆಚ್ಚು ಕಾಯಿಸಿ, ಇಲ್ಲದಿದ್ದರೆ ಹಸಿವಾಸನೆ ಉಳಿಯುತ್ತದೆ. ರಾಗಿಯಲ್ಲೂ ಫೈಟೇಟ್ ಇದೆ, ಆದ್ದರಿಂದ ಅದರ ಜೊತೆಗೂ ಬೇಳೆಹಿಟ್ಟು, ಬೆಣ್ಣೆ, ಒಂದು ಚಮಚ ಸೀಬಕ್‌ಥಾರ್ನ್ ರಸ ಇರಲಿ.